ಸರಕಾರದ ವಕೀಲನ ಕಕ್ಷಿ ಯಾರು?

1978ನೆಯ ಇಸವಿ ಆಗಸ್ಟ್ ತಿಂಗಳ ಕೊನೆಯ ದಿನ ಅಮೆರಿಕದ ಉತ್ತರ ಕೆರೊಲೈನಾ ರಾಜ್ಯದ ಡರ್ಹಮ್ ಎಂಬಲ್ಲಿ ಒಬ್ಬ ತಾಯಿಯನ್ನು ಸೆರೆಮನೆಯಿಂದ ನ್ಯಾಯಾಲಯಕ್ಕೆ ಕರೆತಂದರು. ಅಂದು ವಿಚಾರಣೆಗೆ ಬಂದಿದ್ದುದು ಆಕೆಯ ಅಪರಾಧವಲ್ಲ. ಅದರ ವಿಚಾರಣೆ ಮೊದಲೇ ಮುಗಿದು, ಕೊಲೆಯ ಅಪರಾಧಕ್ಕಾಗಿ ಆಕೆಗೆ 25ರಿಂದ 40 ವರ್ಷಗಳ ಸೆರೆವಾಸ ಪ್ರಾಪ್ತವಾಗಿತ್ತು. ಅಂದು ತೀರ್ಮಾನವಾಗಬೇಕಾಗಿದ್ದ ಪ್ರಶ್ನೆ ಬೇರೆ: ತಾನು ಹೆತ್ತ ಮಗನಿಗೆ ಆಕೆ ಕಾನೂನಿನ ದೃಷ್ಟಿಯಲ್ಲಿ ತಾಯಿಯಾಗಿ ಉಳಿಯಬಹುದೆ, ಇಲ್ಲವೆ? ಒಂದು ಪಕ್ಷದಲ್ಲಿ ಸರಕಾರದ ಸಮಾಜ ಸೇವಾ ಇಲಾಖೆಯಿತ್ತು. ಅದರ ಪರವಾಗಿ ಮಾತನಾಡಲು ವಕೀಲರಿದ್ದರು. ಇನ್ನೊಂದು ಪಕ್ಷದಲ್ಲಿ ಆಕೆ ಒಬ್ಬಳೇ ಇದ್ದಳು.

ಆಕೆಯ ಕಥೆಗೆ ಮತ್ತೆ ಬರುತ್ತೇನೆ. ಇಂದು ನಾನು ಮಾತನಾಡಬೇಕೆಂದಿರುವುದು ಮುಖ್ಯವಾಗಿ ಎದುರು ಪಕ್ಷದ ಆ ವಕೀಲ ವೃತ್ತಿಯನ್ನು ಕುರಿತು. ನ್ಯಾಯಾಲಯದ ಕಥೆಗಳಲ್ಲಿ ಆರೋಪಿಯ ಪರವಾಗಿ ಎದ್ದು ನಿಲ್ಲುವ ವಕೀಲನಿಗೆ ಒಂದು ಪ್ರಭಾವಳಿಯುಂಟು. ತೀರ್ಪು ಹೇಳುವ ನ್ಯಾಯಾಧೀಶನಿಗೆ ಗಾಂಭೀರ್ಯವುಂಟು. ಆದರೆ ಒಂದು ಮಗುವನ್ನು ಅದರ ಮನೆಯಿಂದ ತೆಗೆಯಬೇಕೆಂದು, ಇಲ್ಲವೆ ತೆಗೆಯಬೇಕಾದ ಅಗತ್ಯವಿಲ್ಲವೆಂದು ಸರಕಾರದ ಪರವಾಗಿ ಹೇಳುವ ವಕೀಲನ ಮುಖ ನಮಗೆ ಕಾಣುವುದೇ ಇಲ್ಲ. ಆತನು ಅಲ್ಲಿ ಯಾರ ಪರವಾಗಿ ನಿಂತಿದ್ದಾನೆ? ತನಗೆ ಸಂಬಳ ಕೊಡುವ ಇಲಾಖೆಯ ಪರವಾಗಿಯೆ? ಜನತೆಯ ಪರವಾಗಿಯೆ? ಇನ್ನೂ ನೆಟ್ಟಗೆ ಮಾತು ಬಾರದ ಆ ಮಗುವಿನ ಪರವಾಗಿಯೆ? ಸುಲಭವೆಂದು ತೋರುವ ಈ ಪ್ರಶ್ನೆಗೆ ಅಮೆರಿಕದ ನ್ಯಾಯಪದ್ಧತಿ ನೂರೈವತ್ತು ವರ್ಷಗಳಿಂದ ಬೇರೆ ಬೇರೆ ಉತ್ತರಗಳನ್ನು ಕೊಡುತ್ತ ಬಂದಿದೆ.

ಅನಾಥ ಬಾಲಕನಿಗೆ ರಾಜನೇ ರಕ್ಷಕನೆಂಬ ಭಾವನೆ ನಮಗೆ ಹೊಸದಲ್ಲ. ಬಾಲಕನು ಗುರುಕುಲದಿಂದ ಮರಳುವವರೆಗೆ ಅಥವಾ ಪ್ರಾಪ್ತವಯಸ್ಕನಾಗುವವರೆಗೆ ಅವನ ಸ್ವತ್ತನ್ನು ರಾಜನು ಕಾಯಬೇಕೆಂದು ಮನುಸ್ಮೃತಿ ವಿಧಿಸುತ್ತದೆ. ಇಂಗ್ಲೆಂಡಿನಲ್ಲಿಯೂ ರಾಜನು ದೇಶದ ತಂದೆಯೆಂಬ ತತ್ತ್ವದ ಮೇಲೆ ಚಾನ್ಸರಿ ನ್ಯಾಯಾಲಯವು ಅಪ್ರಾಪ್ತವಯಸ್ಕರ ಹಿತವನ್ನು ನೋಡಿಕೊಳ್ಳುತ್ತಿತ್ತು. ಎರಡು ಕಡೆಯೂ ಗಮನ ಮೊದಲು ಹೋದದ್ದು ಆಸ್ತಿಯುಳ್ಳ ಮಗುವಿನ ಕಡೆಗೆ ಎಂಬುದನ್ನು ಮರೆಯಬಾರದು. ಆಸ್ತಿಯಿಲ್ಲದ ಮಗುವಿಗೆ ಇಂಗ್ಲೆಂಡಿನಲ್ಲಿದ್ದದ್ದು ಬಡವರ ಕಾಯಿದೆ. ಅದರ ಕೊನೆಯಲ್ಲಿ ಕಾದಿದ್ದುದು ದುಡಿಮೆಯ ಮನೆ, ಇಲ್ಲವೆ ಯಾರದೋ ಮನೆಯ ಜೀತ. ದೇಶದ ತಂದೆಯೆಂಬ ಆ ಮಾತು ಕಡಲು ದಾಟಿ ಅಮೆರಿಕಕ್ಕೆ ಬಂದ ಮೇಲೆ ಬಡವರ ಮಕ್ಕಳ ಮೇಲೆ ಪ್ರಯೋಗವಾಯಿತು. 1838ರಲ್ಲಿ ಮೇರಿ ಆ್ಯನ್ ಕ್ರೌಸ್ ಎಂಬ ಹುಡುಗಿಯನ್ನು ತಾಯಿಯ ದೂರಿನ ಮೇಲೆ ಫಿಲಡೆಲ್ಫಿಯದ ಆಶ್ರಯಗೃಹವೊಂದರಲ್ಲಿ ಇರಿಸಿದಾಗ, ತಂದೆಯು ಬಿಡುಗಡೆ ಕೋರಿ ನ್ಯಾಯಾಲಯಕ್ಕೆ ಹೋದನು. ಪೆನ್ಸಿಲ್ವೇನಿಯದ ಉಚ್ಚತಮ ನ್ಯಾಯಾಲಯ ಒಪ್ಪಲಿಲ್ಲ. ಹೆತ್ತವರು ಅಸಮರ್ಥರಾದಲ್ಲಿ ಸಮಾಜವೇ ತಂದೆಯಾಗಬಹುದು, ಇದು ಶಿಕ್ಷೆಯಲ್ಲ, ಶಿಕ್ಷಣ ಎಂಬುದು ಅದರ ನಿಲುವು. ತತ್ತ್ವವೇನೋ ಸ್ಥಾಪಿತವಾಯಿತು. ಆದರೆ ಆ ಸಮಾಜವೆಂಬ ತಂದೆಯ ಬಾಯಿಂದ ಮಾತನಾಡುವವನು ಯಾರೆಂಬುದು ನಿಶ್ಚಯವಾಗಲಿಲ್ಲ.

ಅದು ನಿಶ್ಚಯವಾಗದೆ ಉಳಿದುದರ ಫಲವನ್ನು ಮೇರಿ ಎಲೆನ್ ಎಂಬ ಹುಡುಗಿಯ ಪ್ರಸಿದ್ಧವಾದ ಪ್ರಕರಣದಲ್ಲಿ ನೋಡಬಹುದು. 1864ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಹುಟ್ಟಿದ ಈ ಮಗುವಿನ ತಂದೆ ಅಂತರ್ಯುದ್ಧದ ಕಾಲದಲ್ಲಿ ತೀರಿಕೊಂಡನು. ತಾಯಿಯು ಮಗುವನ್ನು ಹಣ ಕೊಟ್ಟು ಬೇರೊಬ್ಬಳ ಬಳಿ ಬಿಟ್ಟು ದುಡಿಯಲು ಹೋಗುತ್ತಿದ್ದಳು; ಹಣ ನಿಂತಾಗ ಆ ಹೆಂಗಸು ಮಗುವನ್ನು ನಗರದ ಧರ್ಮಾದಾಯ ಇಲಾಖೆಗೆ ಒಪ್ಪಿಸಿದಳು. ಇಲಾಖೆ 1866ರ ಜನವರಿಯಲ್ಲಿ ಒಂದು ಕರಾರುಪತ್ರ ಬರೆಸಿಕೊಂಡು ಅದನ್ನು ಒಂದು ದಂಪತಿಗೆ ಕೊಟ್ಟಿತು. ಪ್ರತಿವರ್ಷ ಮಗುವಿನ ಯೋಗಕ್ಷೇಮವನ್ನು ಇಲಾಖೆಗೆ ತಿಳಿಸಬೇಕೆಂಬುದು ಕರಾರು. ಅದು ನಡೆದದ್ದು ಒಂದೆರಡು ಸಾರಿ ಮಾತ್ರ. ಕೇಳಬೇಕಾದವರು ಕೇಳಲಿಲ್ಲ. ಸಾಕುತಂದೆ ತೀರಿಕೊಂಡನು, ಸಾಕುತಾಯಿ ಮರುಮದುವೆಯಾಗಿ ಮೇರಿ ಕಾನೊಲಿ ಎನಿಸಿಕೊಂಡಳು. ಹುಡುಗಿಗೆ ದಿನವೂ ಚಾಟಿಯ ಏಟು. ಹೊರಗಿನ ಬೀದಿಯನ್ನು ಕಂಡ ನೆನಪು ಅದಕ್ಕಿರಲಿಲ್ಲ.

ಎಟ್ಟಾ ವ್ಹೀಲರ್ ಎಂಬ ಕ್ರೈಸ್ತ ಸೇವಾಕರ್ತೆಗೆ ಇದು ತಿಳಿದುಬಂದದ್ದು 1873ರ ಕೊನೆಯಲ್ಲಿ, ಅದೇ ವಠಾರದಲ್ಲಿ ಕ್ಷಯದಿಂದ ಮಲಗಿದ್ದ ರೋಗಿಯೊಬ್ಬಳಿಂದ. ವ್ಹೀಲರ್ ಎಲ್ಲೆಡೆ ವಿಚಾರಿಸಿದರು. ಕಣ್ಣಾರೆ ಕಂಡ ಸಾಕ್ಷ್ಯವಿಲ್ಲದೆ ನಾವು ಮುಂದುವರಿಯಲಾರೆವೆಂದು ಒಬ್ಬರು, ಮಗು ನಿಮ್ಮ ವಶಕ್ಕೆ ಬಂದರೆ ನೋಡಿಕೊಳ್ಳುವೆವೆಂದು ಇನ್ನೊಬ್ಬರು. ಕಡೆಗೆ ಅವರು ಹೋದದ್ದು ಪ್ರಾಣಿದಯಾ ಸಂಘವನ್ನು 1866ರಲ್ಲಿ ಸ್ಥಾಪಿಸಿದ್ದ ಹೆನ್ರಿ ಬರ್ಗ್ ಅವರ ಬಳಿಗೆ. ಬರ್ಗ್ ತಮ್ಮ ಸಂಘದ ವಕೀಲ ಎಲ್ಬ್ರಿಡ್ಜ್ ಗೆರ್ರಿ ಅವರನ್ನು ಕರೆದರು. 1874ರ ಏಪ್ರಿಲ್ 9ರಂದು ನ್ಯಾಯಾಧೀಶ ಲಾರೆನ್ಸ್ ಅವರ ಎದುರಿಗೆ ಹುಡುಗಿಯನ್ನು ಗಾಡಿಯ ಕಂಬಳಿಯೊಂದರಲ್ಲಿ ಸುತ್ತಿ ಎತ್ತಿ ತಂದರು. ಮುಖದ ಮೇಲೆ ಕತ್ತರಿಯ ಗಾಯವಿತ್ತು. ಅಲ್ಲಿ ವರದಿಗಾರನಾಗಿ ಕುಳಿತಿದ್ದ ಜೇಕಬ್ ರೀಸ್ ಎಂಬಾತನು ಮುಂದೆ ಆ ದೃಶ್ಯವನ್ನು ತನ್ನ ಪುಸ್ತಕದಲ್ಲಿ ದಾಖಲಿಸಿದನು.

ಮಗುವನ್ನು ಪ್ರಾಣಿಯೆಂದು ವಾದಿಸಿ ಪ್ರಾಣಿದಯಾ ಕಾನೂನಿನ ಮೇಲೆ ಬಿಡಿಸಲಾಯಿತೆಂದು ಜನ ಹೇಳುವುದುಂಟು. ಕಥೆ ರಸವತ್ತಾಗಿದೆ, ಸತ್ಯವಲ್ಲ. ತಾವು ಸಂಘದ ಅಧ್ಯಕ್ಷರಾಗಿ ಅಲ್ಲ, ಒಬ್ಬ ನಾಗರಿಕನಾಗಿ ಬಂದಿರುವುದಾಗಿ ಬರ್ಗ್ ಸ್ಪಷ್ಟಪಡಿಸಿದರು. ಗೆರ್ರಿ ಬಳಸಿದ್ದು ಅಕ್ರಮ ಬಂಧನದಿಂದ ವ್ಯಕ್ತಿಯನ್ನು ಬಿಡಿಸುವ ಹೇಬಿಯಸ್ ಕಾರ್ಪಸ್ ಕಾಯಿದೆಯ ಒಂದು ಕಲಮನ್ನು. ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಇನ್ನೊಂದು ಸಂಗತಿ. ಹುಡುಗಿಯನ್ನು ಆ ಮನೆಗೆ ಕೊಟ್ಟದ್ದು ಸರಕಾರ. ಕರಾರುಪತ್ರ ಇದ್ದದ್ದು ಸರಕಾರದ ಬಳಿ. ಹೊಡೆದವಳ ಮೇಲೆ ಮೊಕದ್ದಮೆ ನಡೆಸಲು ಜಿಲ್ಲಾ ಅಟಾರ್ನಿಯ ಕಚೇರಿಯೂ ಇತ್ತು. ಅದು ತನ್ನ ಕೆಲಸವನ್ನು ಮಾಡಿತು, ಏಪ್ರಿಲ್ 27ರಂದು ಸಾಕುತಾಯಿಗೆ ಒಂದು ವರ್ಷದ ಶಿಕ್ಷೆಯಾಯಿತು. ಆದರೆ ಮಗುವನ್ನು ಮನೆಯಿಂದ ಹೊರತರುವ ಕೆಲಸಕ್ಕೆ ಸರಕಾರದ ಯಾವ ವಕೀಲನೂ ಇರಲಿಲ್ಲ. ಅಪರಾಧಿಯನ್ನು ದಂಡಿಸುವುದು ಒಂದು ಕಾರ್ಯ, ಮಗುವನ್ನು ಕಾಯುವುದು ಇನ್ನೊಂದು. ಮೊದಲನೆಯದಕ್ಕೆ ಕುರ್ಚಿಯಿತ್ತು, ಎರಡನೆಯದಕ್ಕೆ ಇರಲಿಲ್ಲ. ಮೇರಿ ಎಲೆನ್ ಮುಂದೆ ವ್ಹೀಲರ್ ಅವರ ತಾಯಿ ತಂಗಿಯರ ಆಶ್ರಯದಲ್ಲಿ ಬೆಳೆದು, ಮದುವೆಯಾಗಿ, ಮಕ್ಕಳನ್ನು ಸಾಕಿ, 1956ರಲ್ಲಿ 92ನೆಯ ವಯಸ್ಸಿನಲ್ಲಿ ಕಾಲವಾದಳು. ತನ್ನ ಮಗಳೊಬ್ಬಳಿಗೆ ಆಕೆ ಇಟ್ಟ ಹೆಸರು ಎಟ್ಟಾ.

ತೆರವಾಗಿದ್ದ ಕುರ್ಚಿಯಲ್ಲಿ ಗೆರ್ರಿಯೇ ಕುಳಿತರು. ಅವರು ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಎಲ್ಬ್ರಿಡ್ಜ್ ಗೆರ್ರಿಯ ಮೊಮ್ಮಗ. ಆ ತಾತನ ಹೆಸರು ಚುನಾವಣಾ ಕ್ಷೇತ್ರಗಳನ್ನು ಅಂಕುಡೊಂಕಾಗಿ ಕತ್ತರಿಸುವ ಕುತಂತ್ರಕ್ಕೆ ಅಂಟಿಕೊಂಡು ನಿಂತುದು ವಿಧಿಯ ವಿನೋದ. 1874ರ ಡಿಸೆಂಬರಿನಲ್ಲಿ ಶಿಶುಕ್ರೌರ್ಯ ನಿವಾರಣಾ ಸಂಘ ಹುಟ್ಟಿತು. ಖಾಸಗಿ ಸಂಘದ ವಕೀಲರು ಸರಕಾರದ ಅಧಿಕಾರವನ್ನು ಎರವಲು ಪಡೆದು ಬಡ ವಲಸೆಗಾರರ ಮನೆಗಳ ಬಾಗಿಲು ತಟ್ಟತೊಡಗಿದರು. ನೂರಾರು ಮಕ್ಕಳು ಉಳಿದುಕೊಂಡರೆಂಬುದು ನಿಜ. ಬಾಸ್ಟನ್ನಿನ ಬಡ ಕೇರಿಗಳಲ್ಲಿ ಜನ ಅಲ್ಲಿಯ ಇಂಥದೇ ಸಂಘವನ್ನು ಕರೆಯುತ್ತಿದ್ದುದು ಮಾತ್ರ ‘ಕ್ರೌರ್ಯ’ ಎಂದೇ. ನಿವಾರಣೆ ಎಂಬ ಶಬ್ದ ಅವರ ಬಾಯಲ್ಲಿ ಬಿದ್ದುಹೋಗಿತ್ತು.

ಇದಾದ 25 ವರ್ಷಕ್ಕೆ ಮಕ್ಕಳ ಕೋರ್ಟಿನಲ್ಲಿ ವಕೀಲರೇ ಬೇಡವೆಂಬ ಸುಧಾರಕರು ಬಂದರು. ಷಿಕಾಗೋದ ಹಲ್ ಹೌಸಿನ ಜೇನ್ ಆಡಮ್ಸ್, ಜೂಲಿಯಾ ಲೇತ್ರಪ್ ಮೊದಲಾದವರ ಶ್ರಮದಿಂದ 1899ರ ಜುಲೈ ತಿಂಗಳಲ್ಲಿ ಜಗತ್ತಿನ ಮೊದಲ ಬಾಲನ್ಯಾಯಾಲಯ ಅಲ್ಲಿ ಆರಂಭವಾಯಿತು. ಜಿಲ್ಲೆಯ ಯಾವ ಮರ್ಯಾದಸ್ಥ ನಿವಾಸಿಯಾದರೂ ಒಂದು ಮಗು ಅನಾದರಕ್ಕೆ ಗುರಿಯಾಗಿದೆಯೆಂದು ಅರ್ಜಿ ಕೊಡಬಹುದಾಗಿತ್ತು. ಮುಂದಿನದನ್ನು ಪ್ರೊಬೇಷನ್ ಅಧಿಕಾರಿ ನೋಡಿಕೊಳ್ಳುವನು. 1909ರಲ್ಲಿ ನ್ಯಾಯಾಧೀಶ ಜೂಲಿಯನ್ ಮ್ಯಾಕ್ ಬರೆದ ಲೇಖನದಲ್ಲಿ ಈ ಕೋರ್ಟಿನ ಆದರ್ಶಚಿತ್ರವಿದೆ: ನ್ಯಾಯಾಧೀಶನು ಎತ್ತರದ ಪೀಠದಿಂದ ಇಳಿದು, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹೆಗಲ ಮೇಲೆ ಕೈಯಿಟ್ಟು ಮಾತನಾಡುತ್ತಾನೆ. ಎಲ್ಲರೂ ಮಗುವಿನ ಪರವೇ ಆದಮೇಲೆ ವಾದವೆಲ್ಲಿ, ವಕೀಲನೆಲ್ಲಿ? ಆ ಚಿತ್ರ ಸುಂದರವಾಗಿದೆ; ನಾನು ಅದನ್ನು ಅಪಹಾಸ್ಯ ಮಾಡಲಾರೆ. ಆದರೆ ಎಲ್ಲರೂ ಮಗುವಿನ ಪರವೆಂದು ಹೇಳಿಕೊಳ್ಳುವ ಕೋಣೆಯಲ್ಲಿ, ನೀವು ತಪ್ಪುತ್ತಿದ್ದೀರಿ ಎಂದು ಹೇಳುವ ಅಧಿಕಾರ ಯಾರಿಗೂ ಇರುವುದಿಲ್ಲ.

ಅದನ್ನು ದೇಶಕ್ಕೆ ತೋರಿಸಿಕೊಟ್ಟವನು ಅರಿಜೋನದ 15 ವರ್ಷದ ಹುಡುಗ ಜೆರಾಲ್ಡ್ ಗಾಲ್ಟ್. ನೆರೆಯಾಕೆಗೆ ಅಸಭ್ಯವಾದ ಟೆಲಿಫೋನ್ ಕರೆ ಮಾಡಿದನೆಂದು 1964ರಲ್ಲಿ ಅವನನ್ನು 21 ವರ್ಷ ತುಂಬುವವರೆಗೆ ಸುಧಾರಣಾ ಶಾಲೆಗೆ ಕಳುಹಿಸಲಾಯಿತು. ಇದನ್ನೇ ವಯಸ್ಕನು ಮಾಡಿದ್ದರೆ ಗರಿಷ್ಠ ಶಿಕ್ಷೆ 50 ಡಾಲರು ದಂಡ ಅಥವಾ ಎರಡು ತಿಂಗಳ ಸಜೆ. ದೂರು ಕೊಟ್ಟಾಕೆ ಕೋರ್ಟಿಗೆ ಬರಲಿಲ್ಲ, ಹೇಳಿಕೆಗಳ ದಾಖಲೆ ಇಡಲಿಲ್ಲ, ವಕೀಲರು ಇರಲಿಲ್ಲ. 1967ರ ಮೇ 15ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಏಬ್ ಫೋರ್ಟಸ್ ಬರೆದ ತೀರ್ಪಿನಿಂದ ಇಂಥ ಮಕ್ಕಳಿಗೆ ವಕೀಲರ ನೆರವು ಹಕ್ಕಾಯಿತು. ಗಾಲ್ಟನದು ಹುಡುಗನ ತಪ್ಪನ್ನು ಕುರಿತ ಮೊಕದ್ದಮೆ, ಹೆತ್ತವರ ತಪ್ಪನ್ನು ಕುರಿತದ್ದಲ್ಲ. ಆದರೂ ಒಂದೇ ಕಟ್ಟಡದಲ್ಲಿ ನಡೆಯುತ್ತಿದ್ದ ಈ ಎರಡು ಬಗೆಯ ವಿಚಾರಣೆಗಳ ನಡುವೆ ಗೋಡೆ ತೆಳುವಾಗಿತ್ತು. ಒಂದು ಪಕ್ಷಕ್ಕೆ ವಕೀಲ ಬಂದಮೇಲೆ ಇನ್ನೊಂದು ಪಕ್ಷದಲ್ಲಿ ಪ್ರೊಬೇಷನ್ ಅಧಿಕಾರಿ ಬರಿಗೈಯಲ್ಲಿ ನಿಲ್ಲುವುದು ಹೇಗೆ?

ಇದೇ ಹೊತ್ತಿಗೆ ಮೊಕದ್ದಮೆಗಳ ಹೊಳೆ ಉಕ್ಕಿ ಹರಿಯುವುದಕ್ಕೆ ಇನ್ನೊಂದು ಕಾರಣವೂ ಒದಗಿತು. 1962ರಲ್ಲಿ ಡಾಕ್ಟರ್ ಹೆನ್ರಿ ಕೆಂಪ್ ಮತ್ತು ಸಂಗಡಿಗರು ಪೆಟ್ಟು ತಿಂದ ಮಕ್ಕಳ ಎಲುಬುಗಳ ಎಕ್ಸ್-ರೇ ಚಿತ್ರಗಳನ್ನು ಓದಿ ಬರೆದ ಲೇಖನ ದೇಶವನ್ನೇ ಬೆಚ್ಚಿಬೀಳಿಸಿತು. ಐದೇ ವರ್ಷಗಳಲ್ಲಿ ಎಲ್ಲ ರಾಜ್ಯಗಳೂ ಇಂಥ ಸಂಶಯವನ್ನು ವರದಿ ಮಾಡಬೇಕೆಂಬ ಕಾನೂನು ಮಾಡಿದವು. ಕಂಬಳಿಯಲ್ಲಿ ಸುತ್ತಿದ ಹುಡುಗಿ ಕೋರ್ಟಿಗೆ ಬಂದು ಹೆಚ್ಚುಕಡಮೆ ನೂರು ವರ್ಷಕ್ಕೆ, 1974ರ ಜನವರಿ 31ರಂದು, ಕೇಂದ್ರ ಸರಕಾರದ ಶಿಶುರಕ್ಷಣಾ ಕಾಯಿದೆಗೆ ಅಧ್ಯಕ್ಷ ನಿಕ್ಸನ್ ಅಂಕಿತ ಹಾಕಿದರು. ಅದರ ಹಣ ಬೇಕಾದ ರಾಜ್ಯವು ಕೋರ್ಟಿಗೆ ಬಂದ ಪ್ರತಿಯೊಂದು ಮಗುವಿಗೂ ಬೇರೆಯೇ ಒಬ್ಬ ಪ್ರತಿನಿಧಿಯನ್ನು ನೇಮಿಸಬೇಕಾಗಿತ್ತು. ಎಂದರೆ ಸರಕಾರದ ವಕೀಲನ ಮಾತೇ ಮಗುವಿನ ಮಾತು ಎಂದು ಭಾವಿಸುವಂತಿಲ್ಲವೆಂಬುದನ್ನು ಸರಕಾರವೇ ಬರೆದುಕೊಟ್ಟಂತಾಯಿತು.

ಈಗ ಡರ್ಹಮ್ ಊರಿಗೆ ಹಿಂದಿರುಗೋಣ. ಆ ತಾಯಿಯ ಹೆಸರು ಆ್ಯಬಿ ಗೇಲ್ ಲ್ಯಾಸಿಟರ್. 1975ರಲ್ಲಿ, ಆಕೆ ಸೆರೆಮನೆಗೆ ಹೋಗುವುದಕ್ಕೆ ಮೊದಲೇ, ಮಗುವಿಗೆ ಸರಿಯಾದ ವೈದ್ಯೋಪಚಾರ ದೊರಕಿಸಲಿಲ್ಲವೆಂದು ಹಸುಗೂಸಾದ ಮಗನನ್ನು ಇಲಾಖೆ ತನ್ನ ವಶಕ್ಕೆ ತೆಗೆದುಕೊಂಡಿತ್ತು. 1978ರಲ್ಲಿ ಮಾತೃತ್ವದ ಹಕ್ಕನ್ನೇ ರದ್ದುಮಾಡುವಂತೆ ಅರ್ಜಿ ಹಾಕಿತು. ಇಲಾಖೆಯ ಪರವಾದ ವಕೀಲರು ಸಮಾಜ ಸೇವಾಕರ್ತೆಯನ್ನು ಸಾಕ್ಷಿಯಾಗಿ ನಿಲ್ಲಿಸಿದರು. ಪಾಟೀಸವಾಲು ಮಾಡುವ ಸರದಿ ತಾಯಿಗೆ ಬಂತು. ಆಕೆ ಪ್ರಶ್ನೆ ಕೇಳಲು ಹೋಗಿ ತನ್ನ ಕಥೆ ಹೇಳತೊಡಗುವಳು. ಪ್ರಶ್ನೆ ಮಾತ್ರ ಕೇಳಬೇಕು, ಹೇಳಿಕೆ ಕೂಡದು ಎಂದು ನ್ಯಾಯಾಧೀಶರು ಮತ್ತೆ ಮತ್ತೆ ತಡೆಯುವರು. ಮಗನನ್ನು ತನ್ನ ತಾಯಿಯ ಬಳಿ, ಅವನ ಒಡಹುಟ್ಟಿದವರ ಜೊತೆಯಲ್ಲಿ ಬಿಡಿ ಎಂಬುದಷ್ಟೆ ಆಕೆಯ ಬೇಡಿಕೆ. ಅಜ್ಜಿಯೂ ಸಾಕ್ಷಿ ಹೇಳಿದಳು. ಹಕ್ಕು ರದ್ದಾಯಿತು.

ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1981ರ ಜೂನ್ 1ರಂದು ಒಂಬತ್ತು ಮಂದಿಯಲ್ಲಿ ಐವರು, ಇಂಥ ವಿಚಾರಣೆಯಲ್ಲಿ ಬಡ ತಾಯಿತಂದೆಗಳಿಗೆ ಸರಕಾರದ ವೆಚ್ಚದಲ್ಲಿ ವಕೀಲರನ್ನು ಕೊಡುವುದು ಸಂವಿಧಾನದ ದೃಷ್ಟಿಯಿಂದ ಎಲ್ಲ ಸಂದರ್ಭಗಳಲ್ಲಿಯೂ ಅಗತ್ಯವಲ್ಲ, ಆಯಾ ಪ್ರಕರಣವನ್ನು ನೋಡಿ ನಿರ್ಧರಿಸಬೇಕು ಎಂದರು. ದೇಹಸ್ವಾತಂತ್ರ್ಯ ಕಳೆದುಕೊಳ್ಳುವ ಪ್ರಸಂಗದಲ್ಲಿ ಮಾತ್ರ ಆ ಹಕ್ಕು ಸಹಜವಾಗಿ ಬರುತ್ತದೆಂಬುದು ಅವರ ತರ್ಕ. ಆ ವೇಳೆಗೆ 33 ರಾಜ್ಯಗಳು ತಾವಾಗಿಯೇ ಕಾನೂನು ಮಾಡಿ ವಕೀಲರನ್ನು ಕೊಡುತ್ತಿದ್ದುವೆಂಬುದನ್ನು ತೀರ್ಪು ಬರೆದ ನ್ಯಾಯಮೂರ್ತಿ ಸ್ಟೂವರ್ಟ್ ಅವರೇ ಒಪ್ಪಿದರು. ಭಿನ್ನಮತ ಬರೆದ ನ್ಯಾಯಮೂರ್ತಿ ಬ್ಲ್ಯಾಕ್‌ಮನ್ ಅವರು ಡರ್ಹಮ್ ವಿಚಾರಣೆಯ ನಡಾವಳಿಯ ತುಣುಕುಗಳನ್ನೇ ಎತ್ತಿ ತೋರಿಸಿದರು. ತಡವರಿಸುವ ಆ ತಾಯಿಯ ಮಾತುಗಳು ಹೀಗೆ ದೇಶದ ಅತ್ಯುನ್ನತ ನ್ಯಾಯಾಲಯದ ವರದಿಗಳಲ್ಲಿ ಶಾಶ್ವತವಾಗಿ ಸೇರಿಹೋದವು. ಮರುವರ್ಷ ಮಾರ್ಚಿನಲ್ಲಿ, ನ್ಯೂಯಾರ್ಕಿನ ಅಲ್‌ಸ್ಟರ್ ಕೌಂಟಿಯ ಸಾಂಟೋಸ್ಕಿ ದಂಪತಿಯ ಮೊಕದ್ದಮೆಯಲ್ಲಿ ಅದೇ ಬ್ಲ್ಯಾಕ್‌ಮನ್ ಬಹುಮತದ ತೀರ್ಪು ಬರೆದರು. ತಜ್ಞ ವಕೀಲ, ಸರಕಾರದ ಖಜಾನೆ, ಇಲಾಖೆಯ ಕಡತ ಇಷ್ಟೂ ಒಂದೇ ಪಕ್ಷದಲ್ಲಿರುವಾಗ ತಕ್ಕಡಿ ಕೂದಲೆಳೆಯಷ್ಟು ವಾಲಿದರೆ ಸಾಲದು, ಪುರಾವೆ ಸ್ಪಷ್ಟವಾಗಿ ಮನಗಾಣಿಸುವಂತಿರಬೇಕು ಎಂದು ಅದರ ಸಾರ. ಅದಕ್ಕೆ ನಾಲ್ಕು ವರ್ಷ ಮೊದಲು, 1978ರ ಆದಿವಾಸಿ ಶಿಶುಹಿತ ಕಾಯಿದೆ ಇನ್ನೂ ಮುಂದೆ ಹೋಗಿತ್ತು. ಅಮೆರಿಕದ ಮೂಲನಿವಾಸಿಗಳ ಮಕ್ಕಳಲ್ಲಿ ನಾಲ್ವರಲ್ಲಿ ಒಬ್ಬರಿಗೆ ಕಡಮೆಯಿಲ್ಲದಷ್ಟು ಮಕ್ಕಳನ್ನು ಮನೆಗಳಿಂದ ಬೇರ್ಪಡಿಸಲಾಗಿತ್ತೆಂದು ಕಾಂಗ್ರೆಸ್ಸಿನೆದುರು ಸಾಕ್ಷ್ಯ ಬಂದಿತ್ತು. ಹೆತ್ತವರ ಹಕ್ಕನ್ನು ಕಸಿಯಬೇಕಾದರೆ, ಮಗುವಿಗೆ ಗಂಭೀರ ಹಾನಿಯಾಗುವುದೆಂದು ಕೊಲೆಯ ಮೊಕದ್ದಮೆಯಲ್ಲಿ ಕೇಳುವಷ್ಟೇ ನಿಸ್ಸಂದೇಹವಾದ ರುಜುವಾತನ್ನು ತೋರಿಸಬೇಕೆಂದು ಅದು ವಿಧಿಸಿತು.

ಹೀಗೆ ರುಜುವಾತಿನ ಭಾರ ಹೆಚ್ಚಿತು. ಭಾರ ಹೊರುವವನ ಕಕ್ಷಿ ಯಾರೆಂಬುದು ಮಾತ್ರ ಇತ್ಯರ್ಥವಾಗಲಿಲ್ಲ. ಷಿಕಾಗೋದಲ್ಲಿ ಸ್ಟೇಟ್ಸ್ ಅಟಾರ್ನಿ ಎದ್ದು ನಿಲ್ಲುವುದು ಜನತೆಯ ಹೆಸರಿನಲ್ಲಿ; ಇಲಾಖೆಯ ಅಭಿಪ್ರಾಯಕ್ಕಿಂತ ಬೇರೆ ಅಭಿಪ್ರಾಯ ತಳೆಯಲು ಆತನು ಸ್ವತಂತ್ರ. ನ್ಯೂಯಾರ್ಕ್ ನಗರದಲ್ಲಿ ಇಲಾಖೆಗೆ ತನ್ನದೇ ವಕೀಲರ ಪಡೆಯಿದೆ; ಇಲಾಖೆಯೇ ಅವರ ಕಕ್ಷಿ. 2004ರಲ್ಲಿ ಅಮೆರಿಕದ ವಕೀಲರ ಸಂಘ ಇಂಥ ವಕೀಲರಿಗಾಗಿ ನಿಯಮಾವಳಿ ರಚಿಸಿದಾಗ ಈ ಎರಡು ಪದ್ಧತಿಗಳನ್ನೂ ಚರ್ಚಿಸಿ, ಇಲಾಖೆಯನ್ನು ಕಕ್ಷಿಯೆಂದು ಭಾವಿಸುವ ಪದ್ಧತಿಯನ್ನು ಮೆಚ್ಚಿತು. ಮಗುವಿನ ಮನೆಯ ಹೊಸ್ತಿಲು ತುಳಿದು ಬಂದವಳು ಸಮಾಜ ಸೇವಾಕರ್ತೆ, ವಕೀಲನಲ್ಲ. ಆಕೆಯ ಅರಿವನ್ನು ಆತನು ತನ್ನ ಅಭಿಪ್ರಾಯದಿಂದ ಅಳಿಸಬಾರದು ಎಂಬುದು ಆ ಪಕ್ಷದ ವಾದ. ಒಪ್ಪತಕ್ಕ ವಾದವೇ. ಆದರೆ ಇಲಾಖೆಯೇ ತಪ್ಪುದಾರಿ ಹಿಡಿದಾಗ, ಒಳಗಿನಿಂದ ಬೇಡವೆನ್ನಲು ವಕೀಲನಿಗೆ ಎಷ್ಟು ಬೆನ್ನೆಲುಬು ಉಳಿದೀತು ಎಂಬ ಸಂಶಯ ನನ್ನನ್ನು ಬಿಟ್ಟಿಲ್ಲ.

1997ರ ಕಾಯಿದೆಯೊಂದು ಆತನ ಮೇಜಿನ ಮೇಲೆ ಗಡಿಯಾರವನ್ನೂ ಇರಿಸಿತು: ಮಗು 22 ತಿಂಗಳಲ್ಲಿ 15 ತಿಂಗಳು ಪರರ ಆಶ್ರಯದಲ್ಲಿ ಕಳೆದರೆ, ಕೆಲವು ವಿನಾಯಿತಿಗಳ ಹೊರತು, ಹೆತ್ತವರ ಹಕ್ಕು ರದ್ದತಿಗೆ ಸರಕಾರ ಅರ್ಜಿ ಹಾಕಲೇಬೇಕು. ಹಣದ ವಿಷಯವೂ ಇದೆ. ಇಲಾಖೆಯ ವಕೀಲನ ವೆಚ್ಚದಲ್ಲಿ ಕೇಂದ್ರ ಸರಕಾರ ದಶಕಗಳ ಕಾಲ ಪಾಲು ಕೊಡುತ್ತಿತ್ತು; ಮಗುವಿನ ಮತ್ತು ಹೆತ್ತವರ ವಕೀಲರಿಗೂ ಅದೇ ನಿಧಿಯಿಂದ ಪಾಲು ದೊರೆಯುವಂತಾದುದು 2018ರ ಕೊನೆಯಲ್ಲಿ ನೀತಿ ಬದಲಾದ ಬಳಿಕ.

ಇಷ್ಟು ಹೊತ್ತು ನಾನು ಹೇಳಿದ್ದರಲ್ಲಿ ಸರಕಾರದ ವಕೀಲನು ಬಲಶಾಲಿಯಾಗಿ ಕಾಣಿಸಿದ್ದಾನೆ. ಆತನ ಶಕ್ತಿ ಇನ್ನೊಂದು ಬಗೆಯಲ್ಲಿಯೂ ಕೆಲಸ ಮಾಡುತ್ತದೆ, ಕೋರ್ಟಿಗೆ ಹೋಗದಿರುವುದರಲ್ಲಿ. ವಿಸ್ಕಾನ್ಸಿನ್ ರಾಜ್ಯದ ವಿನೆಬೇಗೊ ಕೌಂಟಿಯಲ್ಲಿ ಜೋಶುವ ಡಿಷೇನಿ ಎಂಬ ಮೂರು ವರ್ಷದ ಹುಡುಗನು 1983ರ ಜನವರಿಯಲ್ಲಿ ಮೈತುಂಬ ಗಾಯಗಳೊಡನೆ ಆಸ್ಪತ್ರೆ ಸೇರಿದನು. ತಂದೆ ಹೊಡೆಯುತ್ತಾನೆಂದು ಹಿಂದಿನ ವರ್ಷವೇ ದೂರು ಬಂದಿತ್ತು. ಡಾಕ್ಟರು ತಿಳಿಸಿದ ಮೇಲೆ ಕೋರ್ಟು ಹುಡುಗನನ್ನು ತಾತ್ಕಾಲಿಕವಾಗಿ ಆಸ್ಪತ್ರೆಯ ವಶಕ್ಕೆ ಒಪ್ಪಿಸಿತು. ಮೂರು ದಿನಗಳ ಮೇಲೆ ಒಂದು ತಂಡ ಸಭೆ ಸೇರಿತು: ಮಕ್ಕಳ ವೈದ್ಯರು, ಮನಶ್ಶಾಸ್ತ್ರಜ್ಞರು, ಪೊಲೀಸ್ ಪತ್ತೇದಾರರು, ಇಲಾಖೆಯ ಸಿಬ್ಬಂದಿ, ಆಸ್ಪತ್ರೆಯ ಕೆಲವರು, ಮತ್ತು ಕೌಂಟಿಯ ವಕೀಲರು. ಹುಡುಗನನ್ನು ಕೋರ್ಟಿನ ವಶದಲ್ಲಿ ಉಳಿಸಿಕೊಳ್ಳಲು ಪುರಾವೆ ಸಾಲದೆಂದು ತೀರ್ಮಾನವಾಯಿತು. ತಂದೆಯಿಂದ ಒಂದು ಒಪ್ಪಂದ ಬರೆಸಿಕೊಂಡರು. ತಂಡದ ಶಿಫಾರಸಿನಂತೆ ಕೋರ್ಟು ಪ್ರಕರಣವನ್ನು ವಜಾ ಮಾಡಿತು. ಹುಡುಗನು ಮನೆಗೆ ಮರಳಿದನು.

ಆ ಸಭೆಯಲ್ಲಿ ಕೌಂಟಿಯ ವಕೀಲರ ಮಾತಿಗೆ ಎಷ್ಟು ತೂಕವಿತ್ತೆಂದು ಅಳೆಯುವ ಸಾಧನ ನಮ್ಮ ಬಳಿ ಇಲ್ಲ. ಡರ್ಹಮ್ ತಾಯಿಯ ಒಂದೊಂದು ತಡವರಿಕೆಯೂ ಅಚ್ಚಾಗಿದೆ. ಇಲ್ಲಿಯದು ಬಾಗಿಲು ಮುಚ್ಚಿದ ಕೋಣೆಯ ಮಾತು. ಪುರಾವೆ ಸಾಲದು ಎಂಬುದು ವಕೀಲನ ನಾಲಗೆಯಲ್ಲಿ ಅತ್ಯಂತ ಪ್ರಾಮಾಣಿಕವಾದ ಮಾತೂ ಆಗಿರಬಹುದು. ಸಾಂಟೋಸ್ಕಿ ತೀರ್ಪು ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮುಂದಿನ ತಿಂಗಳುಗಳಲ್ಲಿ ಸೇವಾಕರ್ತೆ ಆ ಮನೆಗೆ ಹಲವು ಸಾರಿ ಹೋದಳು, ತಲೆಯ ಮೇಲಿನ ಗಾಯಗಳನ್ನು ಕಂಡು ಕಡತದಲ್ಲಿ ಬರೆದಳು. 1984ರ ಮಾರ್ಚಿನಲ್ಲಿ ತಂದೆಯ ಏಟಿನಿಂದ ಹುಡುಗನು ಪ್ರಜ್ಞೆ ತಪ್ಪಿದನು. ಪ್ರಾಣ ಉಳಿಯಿತು, ಮೆದುಳು ಉಳಿಯಲಿಲ್ಲ. ಮಗುವನ್ನು ಅದರ ತಂದೆಯಿಂದ ಕಾಪಾಡುವ ಹೊಣೆಯನ್ನು ಸಂವಿಧಾನ ಸರಕಾರದ ಮೇಲೆ ಹೊರಿಸಿಲ್ಲವೆಂದು ಸುಪ್ರೀಂ ಕೋರ್ಟು 1989ರ ಫೆಬ್ರವರಿ 22ರಂದು ಮೂವರ ವಿರುದ್ಧ ಆರು ಮತಗಳಿಂದ ತೀರ್ಪಿತ್ತಿತು. ಆ ಮೂವರಲ್ಲಿ ಬ್ಲ್ಯಾಕ್‌ಮನ್ ಒಬ್ಬರು. ಕಾನೂನಿನ ಬರವಣಿಗೆಯ ಮರ್ಯಾದೆಯನ್ನು ಮೀರಿ ಅವರು ಹುಡುಗನ ಹೆಸರು ಹಿಡಿದು ಮರುಗಿದರು. ಜೋಶುವನನ್ನು ಮುಂದೆ ಬೇರೊಂದು ಕುಟುಂಬ ದತ್ತು ತೆಗೆದುಕೊಂಡಿತು. 2015ರಲ್ಲಿ, ತನ್ನ 36ನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡನು.